ಮಳೆ ಹಿಡಿದಾಗಿನಿಂದ ನಾಯಿ ಕಾಲು ನೆಕ್ಕುತ್ತಲೇ ಇದೆ. ಏನು ಮಾಡಬೇಕು?

ತೋಟದಮನೆ, ತೀರ್ಥಹಳ್ಳಿ ಹತ್ತಿರ:

ನಮಸ್ಕಾರ. ನಮ್ಮ ದಾಸುವಿಗೆ ಮೂರು ವರ್ಷ. ತಾಯಿ ನಾಟಿ ನಾಯಿ, ಅಪ್ಪ ಪಕ್ಕದ ಎಸ್ಟೇಟಿನ ಲ್ಯಾಬ್ರಡಾರ್ ಅಂತ ಊರಿನವರ ಅಂದಾಜು. ಆರಿದ್ರಾ ಮಳೆ ಹಿಡಿದಾಗಿನಿಂದ ಕಾಲು ನೆಕ್ಕುವುದೇ ಅವನ ಕಸುಬಾಗಿದೆ. ರಾತ್ರಿ ಜಗಲಿಯಲ್ಲಿ ಪಚಪಚ ಅಂತ ನೆಕ್ಕುವ ಸದ್ದು ಒಳಗಿನ ಕೋಣೆಗೂ ಕೇಳುತ್ತದೆ. ಗದರಿದರೆ ನಿಲ್ಲಿಸುತ್ತಾನೆ, ಮತ್ತೆ ಶುರು. ಬೆರಳ ಸಂದಿ ಕೆಂಪಾಗಿದೆ. ಕಾಲಿನ ಬಿಳಿ ಕೂದಲು ಕಂದು ಬಣ್ಣಕ್ಕೆ ತಿರುಗಿದೆ. ಒಂಥರಾ ಮುಗ್ಗಲು ವಾಸನೆ. ಊಟ, ಓಡಾಟ, ಮಂಗ ಓಡಿಸುವುದು ಎಲ್ಲ ಸರಿಯಾಗಿದೆ. ಅತ್ತೆ ಕೊಬ್ಬರಿ ಎಣ್ಣೆಗೆ ಅರಿಶಿನ ಕಲಸಿ ಹಚ್ಚುತ್ತಿದ್ದಾರೆ. ಅವನು ಅದನ್ನೂ ಚಪ್ಪರಿಸಿ ನೆಕ್ಕುತ್ತಾನೆ. ಇದು ಚಟವೋ, ಕಾಯಿಲೆಯೋ?

ಹಳೇ ತೋಟಗಾರ:

ಚಟ ಮಾರಾಯ್ರೆ. ನಾಯಿ ಅಂದಮೇಲೆ ನೆಕ್ಕದೆ ಇರುತ್ತದಾ? ಸೀಮೆಎಣ್ಣೆಯಲ್ಲಿ ಬಟ್ಟೆ ಅದ್ದಿ ಒಮ್ಮೆ ಒರೆಸಿ. ಇಲ್ಲಾಂದ್ರೆ ಫಿನಾಯಿಲ್ ನೀರು. ಆ ವಾಸನೆಗೆ ಮತ್ತೆ ಬಾಯಿ ಹಾಕುವುದಿಲ್ಲ. ನಮ್ಮ ಕಡೆ ತಲೆತಲಾಂತರದಿಂದ ಇದೇ ಔಷಧಿ.

ದನದ ಡಾಕ್ಟ್ರು:

ಮೊದಲು ಸೀಮೆಎಣ್ಣೆ, ಫಿನಾಯಿಲ್ ಎರಡನ್ನೂ ಪಕ್ಕಕ್ಕಿಡಿ. ನಾಯಿಯ ಕಾಲಿಗೆ ಹಚ್ಚಿದ್ದೆಲ್ಲ ಸ್ವಲ್ಪ ಹೊತ್ತಿನಲ್ಲೇ ಹೊಟ್ಟೆಗೆ ಹೋಗುತ್ತದೆ. ಸೀಮೆಎಣ್ಣೆ ಚರ್ಮ ಸುಡುತ್ತದೆ. ನೆಕ್ಕುವಾಗ, ವಾಂತಿ ಮಾಡುವಾಗ ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ ಗ್ಯಾರಂಟಿ ಅನ್ನುವಷ್ಟು ಅಪಾಯ. ಫಿನಾಯಿಲ್ ಬಾಯಿ, ಗಂಟಲು ಸುಟ್ಟು ಲಿವರಿಗೂ ಕೈ ಹಾಕುತ್ತದೆ. ಮನೆಯಲ್ಲಿ ಬೆಕ್ಕಿದ್ದರಂತೂ ಇನ್ನೂ ಹುಷಾರು, ಬೆಕ್ಕಿಗೆ ಅದು ಶುದ್ಧ ವಿಷ.

ಇನ್ನು ಚಟವೋ ಕಾಯಿಲೆಯೋ ಅನ್ನುವುದಕ್ಕೆ. ಹೊರಗಿನಿಂದ ಬಂದು ನಾಲ್ಕು ಸಲ ನೆಕ್ಕಿ ಬಿಟ್ಟರೆ ಅದು ಶುಚಿ, ತಲೆ ಕೆಡಿಸಿಕೊಳ್ಳಬೇಡಿ. ಗದರಿದರೂ ಬಿಡದೆ, ನಿದ್ದೆಯಿಂದ ಎದ್ದು ನೆಕ್ಕಿದರೆ ಅಲ್ಲಿ ನವೆ ಇದೆ, ಅಥವಾ ನೋವಿದೆ.

ಯಾರಾದರೂ ನಾಯಿ ಕರೆದುಕೊಂಡು ಬಂದರೆ ನಾನು ಮೊದಲು ಕೇಳುವುದು, ಎಷ್ಟು ಕಾಲು ನೆಕ್ಕುತ್ತದೆ ಅಂತ. ಒಂದೇ ಕಾಲಾದರೆ ಆ ಕಾಲಲ್ಲೇ ಏನೋ ಇದೆ. ಮುಳ್ಳು, ಉಣುಗು, ಸೀಳಿದ ಉಗುರು, ಬೆರಳ ಸಂದಿಯ ಕುರು. ಮುಟ್ಟಿದರೆ ಮುನಿಯ ಸಣ್ಣ ಮುಳ್ಳು ಸಾಕು, ದಿನಗಟ್ಟಲೆ ಕಾಡುತ್ತದೆ. ಎರಡು ಮುಂಗಾಲು ಅಥವಾ ನಾಲ್ಕೂ ಕಾಲಾದರೆ ಅಲರ್ಜಿ, ಇಲ್ಲವೇ ತುಳಿಯುವ ನೆಲದಲ್ಲಿ ಏನೋ ತೊಂದರೆ. ಆಮೇಲೆ ಕೇಳುವುದು ಯಾವ ಕಾಲದಲ್ಲಿ ಜಾಸ್ತಿ ಅಂತ. ವರ್ಷವಿಡೀ ಒಂದೇ ಸಮ ಇದ್ದರೆ ಊಟ ಅಥವಾ ಮನೆಯ ಧೂಳಿನ ಕಡೆ ನೋಡುತ್ತೇನೆ. ಮಳೆಗಾಲದಲ್ಲಿ ಮಾತ್ರ ಬಂದರೆ ಒದ್ದೆಯ ಕಡೆ.

ನಿಮ್ಮ ದಾಸು ಯಾವ ಕಾಲು ನೆಕ್ಕುತ್ತಾನೆ? ಎಲ್ಲಿ ಮಲಗುತ್ತಾನೆ? ಕಿವಿಯೂ ಕೆರೆದುಕೊಳ್ಳುತ್ತಾನಾ?

ಕೊಳೆ ಔಷಧಿ:

ಡಾಕ್ಟ್ರು ಹೇಳಿದ ನೆಲದ ವಿಷಯಕ್ಕೆ ನಾನೊಂದು ಸೇರಿಸುತ್ತೇನೆ. ಅಡಿಕೆ ತೋಟಕ್ಕೆ ಕೊಳೆ ರೋಗದ ಔಷಧಿ ಬೋರ್ಡೋ ಹೊಡೆಸಿದ್ದೀರಾ? 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ (ಕಾಪರ್ ಸಲ್ಫೇಟ್), 1 ಕಿಲೋ ಸುಣ್ಣ. ಅಡಿಕೆ ಗೊನೆಗೆ ಹೊಡೆದಿದ್ದು ಅರ್ಧಕ್ಕರ್ಧ ಕೆಳಗೇ ಸುರಿಯುತ್ತದೆ. ಔಷಧಿ ಹೊಡೆಯುವವರ ಹಿಂದೆಯೇ ನಾಯಿ ತಿರುಗುತ್ತದೆ ಅಲ್ವಾ? ಸುಣ್ಣ ಕಮ್ಮಿಯಾಗಿ ದ್ರಾವಣ ಹುಳಿಯಿದ್ದರೆ ಮನುಷ್ಯರ ಕಾಲೇ ಉರಿಯುತ್ತದೆ. ಕತ್ತಿ ಅದ್ದಿ ನೋಡಿದಾಗ ಅಲಗು ತಾಮ್ರದ ಬಣ್ಣಕ್ಕೆ ತಿರುಗಿದರೆ ಇನ್ನೂ ಸುಣ್ಣ ಬೇಕು ಅಂತ ಅರ್ಥ, ಅದು ನಿಮಗೂ ಗೊತ್ತಿರುತ್ತದೆ. ನಮ್ಮ ನಾಯಿ ಡ್ರಮ್ಮಿನ ಪಕ್ಕದ ಕೆಸರು ತುಳಿದು ಕಾಲು ನೆಕ್ಕಿಕೊಂಡು ನೀಲಿ ಬಣ್ಣದ ವಾಂತಿ ಮಾಡಿತ್ತು. ಈಗ ಔಷಧಿ ಹೊಡೆಯುವ ದಿನ ಅದನ್ನು ಕೊಟ್ಟಿಗೆಯಲ್ಲಿ ಕಟ್ಟಿಹಾಕುತ್ತೇವೆ. ಬೊಗಳುತ್ತದೆ, ಬೊಗಳಲಿ.

ದನದ ಡಾಕ್ಟ್ರು:

ಒಳ್ಳೆಯ ಮಾತು. ನೀಲಿ ಅಥವಾ ಹಸಿರು ವಾಂತಿ ಕಂಡರೆ ಮೈಲುತುತ್ತ ಹೊಟ್ಟೆ ಸೇರಿದೆ ಅಂತಲೇ ತಿಳಿದು ತಕ್ಷಣ ಹೊರಡಬೇಕು. ಕಾಲಿಗೆ ತಾಗಿದ್ದು ಗೊತ್ತಾದರೆ ಆಗಲೇ ಧಾರಾಳ ನೀರಿನಲ್ಲಿ ತೊಳೆಯಿರಿ. ಯೂರಿಯಾ, ಕಳೆನಾಶಕ, ತೊಟ್ಟಿಗೆ ಹಾಕುವ ಬ್ಲೀಚಿಂಗ್ ಪೌಡರ್ ಎಲ್ಲಕ್ಕೂ ಇದೇ.

ತೋಟದಮನೆ:

ನಾಲ್ಕೂ ಕಾಲು ಡಾಕ್ಟ್ರೇ, ಮುಂಗಾಲು ಜಾಸ್ತಿ. ಕಿವಿ ಆಗಾಗ ಕೊಡವುತ್ತಾನೆ. ಮಲಗುವುದು ಜಗಲಿಯಲ್ಲಿ ಗೋಣಿಚೀಲದ ಮೇಲೆ. ಹಗಲಿಡೀ ತೋಟದ ಕಪ್ಪಿನಲ್ಲಿ (ನೀರು ಬಸಿಯುವ ಕಾಲುವೆಯಲ್ಲಿ) ಏಡಿ ಹಿಡಿಯುತ್ತ ಇರುತ್ತಾನೆ. ತೋಟಕ್ಕೆ ಮೊದಲನೇ ಔಷಧಿ ಮಳೆಗೆ ಮುಂಚೆಯೇ ಆಗಿತ್ತು, ಆಗ ಏನೂ ಇರಲಿಲ್ಲ. ಮನೆಗೆ ಬಂದಮೇಲೆ ಬಕೆಟ್ ನೀರಿನಲ್ಲಿ ಕಾಲು ತೊಳೆಯುತ್ತೇವೆ. ದಿನಾ ತೊಳೆದರೂ ಹೀಗೆ.

ದನದ ಡಾಕ್ಟ್ರು:

ತೊಳೆಯುತ್ತೀರಿ ಸರಿ, ಒರೆಸುತ್ತೀರಾ? ಮಲೆನಾಡಿನಲ್ಲಿ ನಾನು ಕಂಡ ಕಾಲಿನ ತೊಂದರೆಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಇಲ್ಲೇ ಸಿಕ್ಕಿಹಾಕಿಕೊಂಡಿರುತ್ತದೆ. ಆಷಾಢದಲ್ಲಿ ಇಲ್ಲಿ ಏನೂ ತಾನಾಗಿ ಒಣಗುವುದಿಲ್ಲ. ಬಟ್ಟೆ ಒಣಗುವುದಿಲ್ಲ, ಗೋಣಿಚೀಲ ಒಣಗುವುದಿಲ್ಲ, ನಾಯಿಯ ಬೆರಳ ಸಂದಿ ಎಲ್ಲಿ ಒಣಗಬೇಕು? ನಾಯಿ ಬೆವರುವುದೂ ಅಂಗಾಲಿನ ಮೆತ್ತೆಯಲ್ಲೇ. ಹೊರಗಿನ ಒದ್ದೆ, ಒಳಗಿನ ಬೆವರು, ಮೇಲಿಂದ ಎಂಜಲು.

ಹೀಗೆ ಒದ್ದೆಯಾಗಿ ಬೆಚ್ಚಗಿರುವ ಜಾಗದಲ್ಲಿ ಮಲಸೀಜಿಯಾ ಅನ್ನುವ ಯೀಸ್ಟ್ ಹೆಚ್ಚುತ್ತದೆ. ಅದು ಎಲ್ಲ ನಾಯಿಗಳ ಚರ್ಮದಲ್ಲೂ ಸ್ವಲ್ಪ ಇರುತ್ತದೆ. ಜಾಸ್ತಿಯಾದಾಗ ನವೆ. ನವೆಗೆ ನೆಕ್ಕುತ್ತದೆ, ನೆಕ್ಕಿದ್ದಕ್ಕೆ ಇನ್ನಷ್ಟು ಒದ್ದೆ, ಅದಕ್ಕೆ ಇನ್ನಷ್ಟು ಯೀಸ್ಟ್. ನೀವು ಹೇಳಿದ ಮುಗ್ಗಲು ವಾಸನೆ, ಕಿವಿ ಕೊಡವುವುದು ಎರಡೂ ಅದರ ಕಡೆಗೇ ಬೆರಳು ತೋರಿಸುತ್ತವೆ. ಉಗುರಿನ ಬುಡ ನೋಡಿ, ಅಲ್ಲಿ ಕಂದು ಜಿಡ್ಡು ಮೆತ್ತಿಕೊಂಡಿರಬಹುದು. ಆದರೆ ನೋಡದೆ ಹೇಳಲಾಗುವುದಿಲ್ಲ. ಬ್ಯಾಕ್ಟೀರಿಯಾದ ಹುಣ್ಣೂ ಹೀಗೇ ಕಾಣುತ್ತದೆ, ಕಜ್ಜಿ ಹುಳುವೂ ಹೀಗೇ ಕಾಣಬಹುದು. ಒಂದು ಸೆಲ್ಲೋಟೇಪ್ ತುಂಡನ್ನು ಬೆರಳ ಸಂದಿಗೆ ಒತ್ತಿ, ಗಾಜಿನ ಪಟ್ಟಿಗೆ ಅಂಟಿಸಿ, ಬಣ್ಣ ಹಾಕಿ ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಆಯಿತು. ಯೀಸ್ಟ್ ಇದ್ದರೆ ಸಣ್ಣ ಕಡಲೆಕಾಯಿ ಆಕಾರದಲ್ಲಿ ಕಾಣುತ್ತದೆ. ಐದು ನಿಮಿಷದ ಕೆಲಸ. ನಿಮ್ಮ ತಾಲ್ಲೂಕು ಪಶು ಆಸ್ಪತ್ರೆಯಲ್ಲಿ ಆಗದಿದ್ದರೆ ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜಿಗೆ ಬನ್ನಿ.

ಅರಿಶಿನ ಎಣ್ಣೆಯಿಂದ ದೊಡ್ಡ ಅಪಾಯವೇನಿಲ್ಲ. ಆದರೆ ಎಣ್ಣೆ ಜಿಡ್ಡು ಒದ್ದೆಯನ್ನು ಒಳಗೇ ಹಿಡಿದಿಡುತ್ತದೆ, ಯೀಸ್ಟಿಗೆ ಜಿಡ್ಡು ಅಂದರೆ ಇಷ್ಟ. ಅತ್ತೆಯವರಿಗೆ ಬೇಜಾರಾಗದ ಹಾಗೆ ಹೇಳಿ ನಿಲ್ಲಿಸಿ.

ವಿನೋಬನಗರದ ಅಕ್ಕ:

ನಮ್ಮದು ಪೇಟೆ ಕತೆ. ಶಿವಮೊಗ್ಗದಲ್ಲೇ ಎರಡನೇ ಮಹಡಿ, ಲ್ಯಾಬ್ರಡಾರ್ ಹೆಣ್ಣು. ಕೆಸರಿಲ್ಲ, ತೋಟವಿಲ್ಲ, ಆದರೂ ವರ್ಷವಿಡೀ ಮುಂಗಾಲು ನೆಕ್ಕುತ್ತಿದ್ದಳು. ಹೊಟ್ಟೆಯೂ ಕಂಕುಳೂ ಕೆಂಪು. ಮೊದಲು ನೆಲ ಒರೆಸುವ ಲಿಕ್ವಿಡ್ ಬದಲಾಯಿಸಿದೆವು, ಸ್ವಲ್ಪ ಕಮ್ಮಿಯಾಯಿತು, ಪೂರ್ತಿ ಹೋಗಲಿಲ್ಲ. ಆಮೇಲೆ ಊಟದ ಪರೀಕ್ಷೆ ಮಾಡಿಸಿದರು. ಎಂಟು ವಾರ ಅವಳು ಯಾವತ್ತೂ ತಿನ್ನದ ಒಂದೇ ಮಾಂಸ, ಒಂದೇ ಕಾಳು. ಬೇರೆ ಏನೂ ಬಾಯಿಗೆ ಹೋಗುವಂತಿಲ್ಲ. ಬಿಸ್ಕತ್ತಿಲ್ಲ, ಮೊಸರನ್ನವಿಲ್ಲ, ಮಾಂಸದ ರುಚಿಯ ಜಂತುಹುಳದ ಮಾತ್ರೆಯೂ ಇಲ್ಲ. ಅಡುಗೆಗಿಂತ ಕಷ್ಟವಾಗಿದ್ದು ಮನೆಗೆ ಬರುವವರನ್ನು ತಡೆಯುವುದು. ಎಲ್ಲರಿಗೂ ಒಂದು ತುಂಡು ಚಪಾತಿ ಹಾಕುವ ಆಸೆ.

ಕೊನೆಗೆ ಹಳೆಯ ಊಟಕ್ಕೆ ಮರಳಿ ನೋಡಿದಾಗ ಕೋಳಿ ಕೊಟ್ಟ ವಾರದಲ್ಲೇ ನವೆ ವಾಪಸ್. ಹಾಗಾಗಿ ಕೋಳಿ ಬಂದ್. ಕೆಲವರು ರಕ್ತ ಪರೀಕ್ಷೆ ಮಾಡಿಸಿದರೆ ಊಟದ ಅಲರ್ಜಿ ಗೊತ್ತಾಗುತ್ತದೆ ಅನ್ನುತ್ತಾರೆ. ಅದನ್ನು ನಂಬುವ ಹಾಗಿಲ್ಲ, ತಿನ್ನಿಸಿ ನೋಡುವುದೇ ದಾರಿ ಅಂತ ನಮ್ಮ ಡಾಕ್ಟ್ರು ಹೇಳಿದ್ದರು.

ದನದ ಡಾಕ್ಟ್ರು:

ಸರಿಯಾಗಿ ಹೇಳಿದಿರಿ ಅಕ್ಕ. ನಾಯಿಗಳಲ್ಲಿ ಊಟದ ಅಲರ್ಜಿ ಜಾಸ್ತಿ ಕಾಣುವುದು ದನದ ಮಾಂಸ, ಹಾಲು, ಕೋಳಿ, ಗೋಧಿಗೆ. ನಮ್ಮ ಕಡೆ ಹಾಲು, ಕೋಳಿಯನ್ನು ಮೊದಲು ಅನುಮಾನಿಸಬೇಕು. ಆದರೆ ಎಲ್ಲರೂ ನಾಳೆಯಿಂದಲೇ ಕೋಳಿ ನಿಲ್ಲಿಸಬೇಡಿ. ಊಟಕ್ಕಿಂತ ಧೂಳಿನ ಹುಳ, ಪರಾಗ, ಬೂಸ್ಟು ಇವುಗಳ ಅಲರ್ಜಿಯೇ ಹೆಚ್ಚು. ಅದು ಸಾಮಾನ್ಯವಾಗಿ ಆರು ತಿಂಗಳಿಂದ ಮೂರು ವರ್ಷದೊಳಗೆ ಶುರುವಾಗುತ್ತದೆ. ಬೇರು ಸಮೇತ ಹೋಗುವುದಿಲ್ಲ, ಹತೋಟಿಯಲ್ಲಿ ಇಡಬಹುದು. ಒಕ್ಲಾಸಿಟಿನಿಬ್ ಅನ್ನುವ ಮಾತ್ರೆ ಬೇಗ ನವೆ ಇಳಿಸುತ್ತದೆ. ಆದರೆ ಒಂದು ವರ್ಷದೊಳಗಿನ ಮರಿಗೆ ಕೊಡುವಂತಿಲ್ಲ, ಮತ್ತು ಅದು ಡಾಕ್ಟ್ರು ಬರೆದುಕೊಡಬೇಕಾದ ಮಾತ್ರೆ.

ಆಗುಂಬೆ ಸೆರಗು:

ಇಲ್ಲಿ ಇಂಬಳದ (ಜಿಗಣೆಯ) ಮಾತೇ ಯಾರೂ ಎತ್ತಲಿಲ್ಲವಲ್ಲ! ನಮ್ಮಲ್ಲಿ ವರ್ಷಕ್ಕೆ 7000 ಮಿಲಿಮೀಟರ್ ದಾಟಿ ಮಳೆ. ಜೂನ್ ಬಂತೆಂದರೆ ನಾಯಿ ಕಾಲು ನೆಕ್ಕುವುದಕ್ಕೆ ಮೊದಲ ಕಾರಣ ಇಂಬಳ. ಬೆರಳ ಸಂದಿಯಲ್ಲಿ ಕೂತಿರುತ್ತದೆ, ಬಿದ್ದುಹೋದಮೇಲೂ ರಕ್ತ ಒಸರುತ್ತಲೇ ಇರುತ್ತದೆ, ಅದಕ್ಕೆ ನೆಕ್ಕುತ್ತದೆ. ನಾವು ಹೊಗೆಸೊಪ್ಪು ಸುಣ್ಣ ಸವರುತ್ತೇವೆ. ತಪ್ಪಾ ಡಾಕ್ಟ್ರೇ?

ದನದ ಡಾಕ್ಟ್ರು:

ನಿಮ್ಮ ಕಾಲಿಗೆ ಸವರಿಕೊಳ್ಳಿ, ನಾಯಿಗೆ ಬೇಡ. ಹೊಗೆಸೊಪ್ಪಿನ ನಿಕೋಟಿನ್ ನೆಕ್ಕಿದರೆ ವಿಷ, ಸುಣ್ಣ ನಾಲಿಗೆ ಸುಡುತ್ತದೆ. ಇಂಬಳ ಕಚ್ಚಿದ ಕಡೆ ಉಗುರಿನಿಂದ ಪಕ್ಕಕ್ಕೆ ಜಾರಿಸಿದರೆ ಬಿಡುತ್ತದೆ. ಅದರ ಎಂಜಲಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಸ್ತು ಇದೆ, ಅದಕ್ಕೇ ಅಷ್ಟು ಹೊತ್ತು ಸೋರುತ್ತದೆ. ಒಣ ಬಟ್ಟೆ ಒತ್ತಿ ಹಿಡಿಯಿರಿ. ಮೂಗಿನಿಂದ ರಕ್ತ, ಪದೇ ಪದೇ ಸೀನು ಇದ್ದರೆ ಮೂಗಿನೊಳಗೆ ಇಂಬಳ ಹೋಗಿರಬಹುದು. ಆಗ ಮನೆಯಲ್ಲಿ ಪ್ರಯೋಗ ಬೇಡ.

ಹಳೇ ತೋಟಗಾರ:

ಎಲ್ಲದಕ್ಕೂ ಬೇಡ ಬೇಡ ಅಂದರೆ ಹಳ್ಳಿಯವರು ಏನು ಮಾಡಬೇಕು ಸ್ವಾಮಿ? ನಾಯಿಯ ಕಾಲು ಒರೆಸುತ್ತಾ ಕೂತರೆ ಹಾಲು ಕರೆಯುವವರು ಯಾರು? ಪ್ರತಿ ಸಲಕ್ಕೂ ಶಿವಮೊಗ್ಗಕ್ಕೆ ಓಡಲಿಕ್ಕಾಗುತ್ತದಾ?

ದನದ ಡಾಕ್ಟ್ರು:

ನಿಮ್ಮ ಮಾತು ನ್ಯಾಯವೇ. ಖರ್ಚಿಲ್ಲದ್ದನ್ನೇ ಹೇಳುತ್ತೇನೆ ಕೇಳಿ. ಹಗಲಿಡೀ ಒರೆಸಬೇಕಾಗಿಲ್ಲ, ರಾತ್ರಿ ಮಲಗುವ ಮುಂಚೆ ಒಂದು ಸಲ ಸಾಕು. ಉಗುರುಬೆಚ್ಚಗಿನ ಬರಿ ನೀರಿನಲ್ಲಿ ಕಾಲು ತೊಳೆಯಿರಿ. ಸೋಪು ಬೇಡ, ಡೆಟಾಲ್ ಬೇಡ. ಹಳೇ ಹತ್ತಿ ಪಂಚೆಯ ತುಂಡು ತೆಗೆದುಕೊಳ್ಳಿ. ಅಂಗಾಲಿನ ದೊಡ್ಡ ಮೆತ್ತೆಯನ್ನು ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿ, ಬೆರಳುಗಳು ಅಗಲವಾಗುತ್ತವೆ. ಒಂದೊಂದು ಸಂದಿಗೂ ಬಟ್ಟೆಯ ತುದಿ ತೂರಿಸಿ ಒರೆಸಿ. ಕಾಲಿನ ಅಡಿಯಲ್ಲಿ ಮೆತ್ತೆಗಳ ನಡುವೆಯೂ ಒಂದು ಗುಳಿ ಇದೆ, ಎಲ್ಲರೂ ಮರೆಯುವುದು ಅದನ್ನೇ. ಉಣುಗು, ಮುಳ್ಳು, ಗಾಯ ಎಲ್ಲ ಆಗಲೇ ಕೈಗೆ ಸಿಗುತ್ತವೆ. ಅಲ್ಲಿ ಉದ್ದ ಕೂದಲಿದ್ದರೆ ಕತ್ತರಿಸಿ.

ಮಲಗುವ ಜಾಗ ಇನ್ನೂ ಮುಖ್ಯ. ಒದ್ದೆ ಗೋಣಿಚೀಲ ತೆಗೆದು ಮಣೆ ಅಥವಾ ಹಲಗೆ ಹಾಕಿ, ಮೇಲೆ ಬಚ್ಚಲೊಲೆಯ ಹತ್ತಿರ ಒಣಗಿಸಿದ ಚೀಲ. ಎರಡು ಚೀಲ ಇಟ್ಟುಕೊಂಡರೆ ಒಂದು ಒಣಗುತ್ತಿರುವಾಗ ಇನ್ನೊಂದು ನಡೆಯುತ್ತದೆ. ನಾಯಿಯನ್ನೇ ಬಚ್ಚಲೊಲೆಯ ಹತ್ತಿರ ಬಿಟ್ಟರೂ ಅಡ್ಡಿಯಿಲ್ಲ. ಬೂದಿಯಲ್ಲಿ ಮಾತ್ರ ಮಲಗಿಸಬೇಡಿ. ಒದ್ದೆ ಕಾಲಿಗೆ ಬೂದಿ ಮೆತ್ತಿದರೆ ಚರ್ಮ ಉರಿಯುತ್ತದೆ.

ಹಳೇ ತೋಟಗಾರ:

ಬಚ್ಚಲೊಲೆ ನಮ್ಮ ನಾಯಿ ಯಾವಾಗಲೋ ಹಿಡಿದಾಗಿದೆ. ಈಗ ನಮಗೇ ಅಲ್ಲಿ ಜಾಗವಿಲ್ಲ.

ಸಾಗರದ ಹುಡುಗ:

ಉಣುಗಿನ ಬಗ್ಗೆ ಜಾಸ್ತಿ ಹೇಳಿ ಡಾಕ್ಟ್ರೇ. ನಮ್ಮ ಕಡೆ ನಾಯಿಯ ಮೈಮೇಲೆ ಉಣುಗು ಕಂಡರೆ ಮನೆಯಲ್ಲಿ ಎಲ್ಲರಿಗೂ ಮಂಗನ ಕಾಯಿಲೆಯ ಹೆದರಿಕೆ.

ದನದ ಡಾಕ್ಟ್ರು:

ಹೆದರಿಕೆಗೆ ಅರ್ಥವಿದೆ. ಆ ಕಾಯಿಲೆ ಮೊದಲು ಗೊತ್ತಾಗಿದ್ದೇ 1957ರಲ್ಲಿ, ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಅದು ನಾಯಿಯನ್ನು ಮುಟ್ಟಿದರೆ ಬರುವುದಲ್ಲ, ಸೋಂಕಿರುವ ಕಾಡಿನ ಉಣುಗು ಕಚ್ಚಿದರೆ ಬರುವುದು. ಆದರೆ ಸೊಪ್ಪಿನಬೆಟ್ಟ (ಸೊಪ್ಪು ತರುವ ಕಾಡು) ಸುತ್ತಿ ಬಂದ ನಾಯಿ ಉಣುಗನ್ನು ಜಗಲಿಗೆ ತರಬಹುದು. ಮಳೆ ಮುಗಿದು ಚಳಿ ಶುರುವಾದಮೇಲೆ, ಬೇಸಿಗೆಯವರೆಗೆ ಜಾಸ್ತಿ ಎಚ್ಚರ ಬೇಕು. ನಾಯಿಗೇ ತೊಂದರೆ ಕೊಡುವುದು ಮನೆ ಸುತ್ತ ಇರುವ ಕಂದು ಉಣುಗು. ಅದರಿಂದ ಎರ್ಲಿಕಿಯಾ ಜ್ವರ ಬರುತ್ತದೆ. ನಾಯಿ ಮಂಕಾಗುತ್ತದೆ, ಊಟ ಬಿಡುತ್ತದೆ, ಒಸಡು ಬಿಳಿಚಿಕೊಳ್ಳುತ್ತದೆ.

ಉಣುಗನ್ನು ಬರಿಗೈಯಲ್ಲಿ ಹಿಸುಕಬೇಡಿ. ಸಣ್ಣ ಚಿಮಟದಲ್ಲಿ ಚರ್ಮಕ್ಕೆ ತಾಗುವ ಹಾಗೆ ಹಿಡಿದು ನೇರ ಎಳೆಯಿರಿ. ಬೆಂಕಿಕಡ್ಡಿ ತಾಗಿಸುವುದು, ಎಣ್ಣೆ ಸುರಿಯುವುದು ಬೇಡ. ಫ್ಲುರಲಾನರ್ ಅನ್ನುವ ಮಾತ್ರೆ ಸುಮಾರು 12 ವಾರ ಉಣುಗು, ಚಿಗಟ ಎರಡನ್ನೂ ತಡೆಯುತ್ತದೆ. ನಾಯಿಗೆ ಫಿಟ್ಸ್ ಬರುತ್ತಿದ್ದರೆ ಮೊದಲೇ ಹೇಳಬೇಕು. ದನಕ್ಕೆ ತಂದ ಉಣುಗಿನ ಔಷಧಿಯನ್ನು ಅಂದಾಜಿನಲ್ಲಿ ನಾಯಿಗೆ ಹಚ್ಚಿ ಕೈಸುಟ್ಟುಕೊಂಡವರನ್ನು ಬೇಕಾದಷ್ಟು ನೋಡಿದ್ದೇನೆ.

ತೋಟದಮನೆ:

ದಾಸುವನ್ನು ತೋರಿಸಿಕೊಂಡು ಬಂದೆವು. ಟೇಪ್ ಪರೀಕ್ಷೆ ಮಾಡಿದರು, ಯೀಸ್ಟ್ ತುಂಬಾ ಇದೆ ಅಂದರು. ಹಿಂಗಾಲಿನ ಒಂದು ಸಂದಿಯಲ್ಲಿ ಉಣುಗೂ ಸಿಕ್ಕಿತು. ಕ್ಲೋರ್‌ಹೆಕ್ಸಿಡಿನ್ ಮತ್ತು ಮೈಕೊನಜೋಲ್ ಇರುವ ಶಾಂಪೂ ಬರೆದಿದ್ದಾರೆ. ವಾರಕ್ಕೆ ಎರಡು ಮೂರು ಸಲ ಕಾಲಿಗೆ ಹಚ್ಚಿ ಹತ್ತು ನಿಮಿಷ ಬಿಟ್ಟು ತೊಳೆಯಬೇಕಂತೆ. ಕಿವಿಗೂ ಔಷಧಿ. ಹಚ್ಚುವುದು ಸುಲಭ, ಆ ಹತ್ತು ನಿಮಿಷ ನೆಕ್ಕದ ಹಾಗೆ ಹಿಡಿದುಕೊಳ್ಳುವುದೇ ದೊಡ್ಡ ಯುದ್ಧ. ಕೊರಳಿಗೆ ಹಾಕುವ ಪ್ಲಾಸ್ಟಿಕ್ ಲಾಳಿಕೆ ಇಲ್ಲಿ ಎಲ್ಲೂ ಸಿಗಲಿಲ್ಲ.

ಸಾಗರದ ಹುಡುಗ:

ಅಡಿಕೆ ಹಾಳೆ ಇಲ್ವಾ? ನಾವು ದೊಡ್ಡ ಹಾಳೆ ನೆನೆಸಿ, ಕೊರಳಿನ ಅಳತೆಗೆ ಸುತ್ತಿ, ಹುರಿಹಗ್ಗದಲ್ಲಿ ಹೊಲಿದು ಲಾಳಿಕೆ ಮಾಡಿದ್ದೆವು. ಚೆನ್ನಾಗಿಯೇ ಬಂತು. ಪಕ್ಕದ ಮನೆ ನಾಯಿ ಬಂದು ಅದನ್ನು ಕಿತ್ತು ತಿಂದು ಹಾಕಿತು, ಅದು ಬೇರೆ ವಿಷಯ.

ದನದ ಡಾಕ್ಟ್ರು:

ಹಾಳೆಯ ಅಂಚು ಕೊರಳು ಕುಯ್ಯುತ್ತದೆ, ಒಳಗಡೆ ಬಟ್ಟೆ ಸುತ್ತಿ. ಮೂಗಿಗಿಂತ ಎರಡು ಬೆರಳು ಮುಂದಕ್ಕೆ ಬರಬೇಕು, ಇಲ್ಲದಿದ್ದರೆ ಕಾಲು ಸಿಕ್ಕೇ ಸಿಗುತ್ತದೆ. ಕೊರಳಲ್ಲಿ ಎರಡು ಬೆರಳು ಆಡುವಷ್ಟು ಸಡಿಲ ಬಿಡಿ. ತೋಟದಮನೆಯವರೇ, ಆ ಹತ್ತು ನಿಮಿಷಕ್ಕೆ ಲಾಳಿಕೆ ಯಾಕೆ? ಶಾಂಪೂ ಹಚ್ಚಿ ಅಂಗಳದಲ್ಲಿ ಒಂದು ಸುತ್ತು ನಡೆಸಿ. ನಡೆಯುವ ನಾಯಿ ನೆಕ್ಕುವುದಿಲ್ಲ. ತೊಳೆದಮೇಲೆ ಒರೆಸುವುದು ಮರೆಯಬೇಡಿ. ಕಾಲು ಚೆನ್ನಾಗಿ ಕಂಡ ಕೂಡಲೇ ಶಾಂಪೂ ಬಿಡಬೇಡಿ, ಅವರು ಹೇಳಿದಷ್ಟು ದಿನ ಹಚ್ಚಿ. ಪ್ರತಿ ಮಳೆಗಾಲಕ್ಕೂ ಮರುಕಳಿಸಿದರೆ ಅಡಿಯಲ್ಲಿ ಅಲರ್ಜಿ ಇದೆಯಾ ಅಂತ ಹುಡುಕಬೇಕಾಗುತ್ತದೆ.

ವಿನೋಬನಗರದ ಅಕ್ಕ:

ಕಾಲುಚೀಲ ಹಾಕಬಹುದಾ? ಆನ್‌ಲೈನಿನಲ್ಲಿ ನಾಯಿಯ ಬೂಟುಗಳೂ ಬರುತ್ತವೆ.

ದನದ ಡಾಕ್ಟ್ರು:

ಮನೆಯೊಳಗೆ, ಒಣಗಿದ ಕಾಲಿಗೆ, ಸ್ವಲ್ಪ ಹೊತ್ತು ಹತ್ತಿಯ ಕಾಲುಚೀಲ ಪರವಾಗಿಲ್ಲ. ಈ ಮಳೆಯಲ್ಲಿ ಬೂಟು ಬೇಡ.

ಕೊಳೆ ಔಷಧಿ:

ಕಂದು ಬಣ್ಣದ ಬಗ್ಗೆ ಒಂದು ಅನುಮಾನ. ನಮ್ಮ ಬಿಳಿ ನಾಯಿಯ ಕಾಲು ಸುಗ್ಗಿಯಲ್ಲಿ ಕೆಂಪಾಗುತ್ತದೆ. ಅಡಿಕೆ ಬೇಯಿಸುವ ಹಂಡೆಯ ಸುತ್ತ ಚೊಗರು (ಅಡಿಕೆ ಬೇಯಿಸಿದ ಕೆಂಪು ನೀರು) ಚೆಲ್ಲಿರುತ್ತದೆ, ಅದನ್ನೇ ತುಳಿದುಕೊಂಡು ಓಡಾಡುತ್ತದೆ. ಪೇಟೆಯಿಂದ ಬಂದ ನೆಂಟರು ನೋಡಿ ನಾಯಿಗೆ ಅಲರ್ಜಿ ಅಂತ ಗಲಾಟೆ ಮಾಡಿದರು.

ದನದ ಡಾಕ್ಟ್ರು:

ಎಂಜಲಿನಲ್ಲಿ ಪಾರ್ಫಿರಿನ್ ಅನ್ನುವ ವಸ್ತು ಇದೆ, ನೆಕ್ಕಿ ನೆಕ್ಕಿ ಬಿಳಿ ಕೂದಲು ಅದರಿಂದ ಕೆಂಪು ಕಂದಾಗುತ್ತದೆ. ಚೊಗರಾದರೆ ಅಂಗಾಲು, ಮೆತ್ತೆ, ಉಗುರು ಎಲ್ಲಕ್ಕೂ ಹಿಡಿಯುತ್ತದೆ. ಎಂಜಲಾದರೆ ನಾಲಿಗೆ ಮುಟ್ಟುವ ಕಡೆ, ಬೆರಳ ಸಂದಿಯಲ್ಲಿ ಮತ್ತು ಕಾಲಿನ ಮೇಲ್ಭಾಗದಲ್ಲಿ ಜಾಸ್ತಿ. ಕೂದಲು ಸರಿಸಿ ಚರ್ಮ ನೋಡಿ. ಚರ್ಮ ತಣ್ಣಗೆ, ಮಾಮೂಲಿ ಬಣ್ಣದಲ್ಲಿದ್ದರೆ ನೆಂಟರಿಗೆ ಕಾಫಿ ಕೊಟ್ಟು ಕಳಿಸಿ.

ಹೊಸನಗರ ಟೀಚರ್:

ತಡವಾಗಿ ಬಂದೆ, ನನ್ನದೂ ಒಂದು ಪ್ರಶ್ನೆ. ನಮ್ಮ ನಾಯಿಗೆ ಹನ್ನೊಂದು ವರ್ಷ. ಬೆರಳಲ್ಲ, ಎಡ ಮುಂಗಾಲಿನ ಮಣಿಕಟ್ಟಿನ ಮೇಲೆ ಒಂದೇ ಜಾಗ ನೆಕ್ಕುತ್ತದೆ. ರೂಪಾಯಿ ಅಗಲ ಕೂದಲು ಉದುರಿ ಚರ್ಮ ದಪ್ಪವಾಗಿದೆ. ಮಕ್ಕಳು ಓದಲು ಊರು ಬಿಟ್ಟಮೇಲೆ ಶುರುವಾಯಿತು. ಬೇಜಾರಿಗೆ ನೆಕ್ಕುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ನಮ್ಮವರ ಮಂಡಿ ನೋವಿನ ಮಾತ್ರೆ ಅರ್ಧ ಕೊಡಲೇ ಅಂತ ಯೋಚಿಸುತ್ತಿದ್ದೇನೆ.

ದನದ ಡಾಕ್ಟ್ರು:

ಮಾತ್ರೆ ಖಂಡಿತ ಬೇಡ ಟೀಚರ್. ಡೈಕ್ಲೋಫೆನಾಕ್, ಐಬುಪ್ರೊಫೆನ್ ನಾಯಿಯ ಹೊಟ್ಟೆಯಲ್ಲಿ ಹುಣ್ಣು ಮಾಡುತ್ತವೆ, ಕಿಡ್ನಿ ಹಾಳುಮಾಡುತ್ತವೆ. ಮನುಷ್ಯರ ಚರ್ಮದ ಮುಲಾಮನ್ನೂ ಹಚ್ಚಬೇಡಿ. ಸೋರಿಯಾಸಿಸ್‌ಗೆ ಬರೆಯುವ ಕ್ಯಾಲ್ಸಿಪೋಟ್ರಿಯಾಲ್ ಸ್ವಲ್ಪ ನೆಕ್ಕಿದರೂ ಜೀವಕ್ಕೆ ಅಪಾಯ.

ಬೇಜಾರು ಒಂದು ಕಾರಣ ಇರಬಹುದು, ಒಂಟಿಯಾದ ನಾಯಿ ಹೀಗೆ ಮಾಡುವುದುಂಟು. ಆದರೆ ಈ ವಯಸ್ಸಿನಲ್ಲಿ ಒಂದೇ ಜಾಗ ಅಂದರೆ ನಾನು ಮೊದಲು ಕೀಲು ನೋಡುತ್ತೇನೆ. ಬೆಳಿಗ್ಗೆ ಏಳುವಾಗ ತಡವರಿಸುತ್ತದಾ? ಮೆಟ್ಟಿಲು ಹತ್ತಲು ಹಿಂದೆಮುಂದೆ ನೋಡುತ್ತದಾ? ಎರಡೂ ಮುಂಗಾಲನ್ನು ಮಡಚಿ ನೋಡಿ, ಎಡಗಡೆ ಮಡಚಿದಾಗ ಮಾತ್ರ ಕಾಲು ಎಳೆದುಕೊಂಡರೆ ಸಂಧಿವಾತ ಇರಬಹುದು. ಜೋರು ಮಾಡಬೇಡಿ. ದಪ್ಪವಾದ ಚರ್ಮದ ಒಳಗೆ ಸೋಂಕು ಆಳಕ್ಕೆ ಇಳಿದಿರುತ್ತದೆ, ಮೇಲಿಂದ ಹಚ್ಚಿದ್ದು ಅಲ್ಲಿಗೆ ಮುಟ್ಟುವುದಿಲ್ಲ. ವಾರಗಟ್ಟಲೆ ಆಂಟಿಬಯಾಟಿಕ್ ಬೇಕಾಗಬಹುದು, ಜೊತೆಗೆ ನಾಯಿಗೆಂದೇ ಇರುವ ನೋವಿನ ಔಷಧಿ. ಒಂದು ಎಕ್ಸ್‌ರೇ ತೆಗೆಸಿ. ಅಲ್ಲಿಯವರೆಗೆ ಆ ಜಾಗ ಮುಚ್ಚಿಡಲು ಬಿಗಿಯಾಗಿ ಬ್ಯಾಂಡೇಜ್ ಸುತ್ತಬೇಡಿ, ಕಾಲು ಊದಿಕೊಳ್ಳುತ್ತದೆ.

ಹೊಸನಗರ ಟೀಚರ್:

ಮೆಟ್ಟಿಲ ಹತ್ತಿರ ನಿಂತುಬಿಡುತ್ತದೆ ಡಾಕ್ಟ್ರೇ, ವಯಸ್ಸಾಯಿತು ಅಂತ ಸುಮ್ನಿದ್ದೆವು. ಮಾತ್ರೆ ಕೊಡುವುದಿಲ್ಲ. ಸೋಮವಾರ ಶಾಲೆಗೆ ರಜೆ ಹಾಕಿ ಕರೆದುಕೊಂಡು ಹೋಗುತ್ತೇನೆ. ಬಸ್ಸಿಗೆ ಹತ್ತಿಸಿಕೊಳ್ಳುವುದಿಲ್ಲ, ಯಾರಾದರೂ ಆ ದಿನ ಶಿವಮೊಗ್ಗಕ್ಕೆ ಜೀಪು ತೆಗೆದುಕೊಂಡು ಹೋಗುವವರಿದ್ದರೆ ಹೇಳಿ.

ಕೊಳೆ ಔಷಧಿ:

ನಾನು ರಿಪ್ಪನ್‌ಪೇಟೆ ಮೇಲೆ ಹೋಗುತ್ತೇನೆ, ಮೈಲುತುತ್ತ ತರಲಿಕ್ಕಿದೆ. ಬೆಳಿಗ್ಗೆ ಏಳಕ್ಕೆ ರೆಡಿ ಇರಿ. ನಾಯಿಗೆ ಹಿಂದಿನ ಸೀಟಿನಲ್ಲಿ ಹಳೇ ಕಂಬಳಿ ಹಾಸಿರುತ್ತೇನೆ, ಹತ್ತಿಸುವಾಗ ಮಾತ್ರ ನೀವು ಹಿಡಿದುಕೊಳ್ಳಬೇಕು.